ಕ್ವೆಟ್ಟಾದಿಂದ ಬಂದ ‘ಬರ್ತೇವಿ’

1935ರ ಜೂನ್ ತಿಂಗಳಲ್ಲಿ ನಾನು ಜಮಖಂಡಿಯ ತಾರು ಕಚೇರಿಯಲ್ಲಿ ಸಿಗ್ನಲರ್ ಆಗಿದ್ದೆ. ವಯಸ್ಸು ಇಪ್ಪತ್ತಾರು, ಊರು ಮುಧೋಳ. ಕಿವಿ ಚುರುಕಾಗಿತ್ತು, ಅಹಂಕಾರ ಅದಕ್ಕಿಂತ ಚುರುಕಾಗಿತ್ತು. ತಂತಿಯ ಆ ತುದಿಯಲ್ಲಿ ಒಬ್ಬ ಕೀಲಿ ಒತ್ತಿದರೆ ಈ ತುದಿಯಲ್ಲಿ ಸೌಂಡರ್ ಎಂಬ ಹಿತ್ತಾಳೆಯ ಯಂತ್ರ ಕಟಕಟ ಎನ್ನುತ್ತದೆ. ಗಿಡ್ಡ ಸದ್ದು, ಉದ್ದ ಸದ್ದುಗಳ ಜೋಡಣೆಯೇ ಇಂಗ್ಲಿಷ್ ಅಕ್ಷರ. ಕೇಳಿದ್ದನ್ನು ಬರೆಯಬೇಕು, ಬರೆದದ್ದನ್ನು ಮುಟ್ಟಿಸಬೇಕು. ಒಂದಕ್ಷರ ಕೂಡಿಸುವಂತಿಲ್ಲ, ಕಳೆಯುವಂತಿಲ್ಲ, ಜನರಿಗೆ ಸಲಹೆ ಕೊಡುವುದಂತೂ ಕೂಡದೇ ಕೂಡದು. ಈ ನಿಯಮ ನನಗೆ ಬಹಳ ಹಿಡಿಸಿತ್ತು. ಮಂದಿಯ ದುಃಖದಿಂದ ಒಂದು ಮಾರು ದೂರ ನಿಲ್ಲಲು ಇದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ.

ಮೇ ತಿಂಗಳ ಕೊನೆಯ ದಿನ, ಬೆಳಕು ಹರಿಯುವ ಮೊದಲೇ, ಬಲೂಚಿಸ್ತಾನದ ಕ್ವೆಟ್ಟಾ ನಗರ ಭೂಕಂಪಕ್ಕೆ ನೆಲಸಮವಾಗಿತ್ತು. ರಬಕವಿಯ ನೇಕಾರ ಹೆಂಗಸು ನೀಲವ್ವನ ಇಬ್ಬರು ಮಕ್ಕಳೂ ಅಲ್ಲಿದ್ದರು. ಹಿರಿಯ ಈರಪ್ಪ ದಂಡಿಗೆ ಡೇರೆ ಹೊಲಿದು ಕೊಡುವ ಗುತ್ತಿಗೆದಾರನ ಹತ್ತಿರ ಕೆಲಸಕ್ಕಿದ್ದು ಊರ ಹೊರಗಿನ ದಂಡುಪ್ರದೇಶದಲ್ಲೇ ವಾಸವಾಗಿದ್ದ. ಕಿರಿಯ ಮಲ್ಲಪ್ಪ ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದ, ಅಂಗಡಿಯ ಮಾಳಿಗೆಯ ಮೇಲೇ ಮಲಗುತ್ತಿದ್ದ. ದಂಡಿನ ಕಡೆ ಹಾನಿ ಕಡಿಮೆ, ಪೇಟೆ ಮಾತ್ರ ಉಳಿದಿಲ್ಲ ಎಂದು ಪತ್ರಿಕೆಗಳು ಬರೆದವು.

ಅವರಿಗೆ ಹತ್ತಿರದ ತಾರು ಕಚೇರಿ ನಮ್ಮದೇ. ನೀಲವ್ವ ತನ್ನ ತಮ್ಮ ಬಸಲಿಂಗಪ್ಪನ ಜೊತೆ ಚಕ್ಕಡಿಯಲ್ಲಿ ಜಮಖಂಡಿಗೆ ಬಂದು, ಬೀಗರ ಮನೆಯಲ್ಲಿ ಇಳಿದುಕೊಂಡು, ದಿನವೂ ನಮ್ಮ ಕಚೇರಿಯ ಮರದ ಬಾಕಿನ ಮೇಲೆ ಕೂಡುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಸೌಂಡರ್ ಸದ್ದು ಮಾಡಿದಾಗಲೆಲ್ಲ ನನ್ನ ಮುಖ ನೋಡುತ್ತಿದ್ದಳು, ನಾನು ತಲೆ ಅಲ್ಲಾಡಿಸಿದರೆ ಮತ್ತೆ ನೆಲ ನೋಡುತ್ತಿದ್ದಳು. ನಿಜ ಹೇಳುತ್ತೇನೆ, ಆ ನೋಟದಿಂದ ನನಗೆ ಸಿಟ್ಟು ಬರುತ್ತಿತ್ತು.

ಒಂದು ಮಂಗಳವಾರ ಮಧ್ಯಾಹ್ನ ತಾರು ಬಂತು. ಅಲ್ಲಿನ ಕ್ಯಾಂಪಿನ ಯಾರೋ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದ. ನಾನು ಕನ್ನಡದಲ್ಲಿ ಓದಿ ಹೇಳಿದೆ: ‘ಈರಪ್ಪ ಕ್ಷೇಮ. ಮಲ್ಲಪ್ಪ ಸಿಕ್ಕಿಲ್ಲ. ಪೇಟೆ ಮುಚ್ಚಿದ್ದಾರೆ. ರೈಲು ಪಾಸು ಸೋಮವಾರದವರೆಗೆ. ಹೋದರೆ ಮರಳಿ ಬಿಡುವುದಿಲ್ಲ. ಇರಲೋ ಬರಲೋ ತಿಳಿಸಿ.’

ಸಂಗತಿ ಇಷ್ಟು. ರೋಗ ಹರಡೀತೆಂದು ಸೈನ್ಯ ಬಿದ್ದ ಪೇಟೆಯ ಸುತ್ತ ಕಾವಲು ಹಾಕಿತ್ತು. ಬದುಕಿದವರನ್ನು ರೈಲು ಹತ್ತಿಸಿ ಅವರವರ ಊರಿಗೆ ಕಳಿಸುತ್ತಿದ್ದರು. ಕೆಲಸ ಇದ್ದವರು ಉಳಿಯಬಹುದಿತ್ತು, ಆದರೆ ನೆಲ ಇನ್ನೂ ನಡುಗುತ್ತಲೇ ಇತ್ತು. ಈರಪ್ಪ ಹೊರಟುಬಂದರೆ ತಮ್ಮನನ್ನು ಮಣ್ಣಿನಲ್ಲಿ ಬಿಟ್ಟು ಬಂದಂತೆ. ಉಳಿದರೆ ಅವನ ಜೀವಕ್ಕೂ ಹೊಣೆಯಿಲ್ಲ. ಆ ತೀರ್ಮಾನವನ್ನು ಅವನು ಹೆತ್ತವಳ ಮೇಲೆ ಬಿಟ್ಟಿದ್ದ.

ಬಸಲಿಂಗಪ್ಪ ತಡಮಾಡದೆ ‘ಬಾ’ ಎಂದು ಬರೆಯಲು ಹೇಳಿದ. ಇದ್ದವನನ್ನಾದರೂ ಉಳಿಸಿಕೋ ಎಂದು ಅಕ್ಕನಿಗೆ ಗದರಿಸಿದ, ಆಮೇಲೆ ಅಂಗಲಾಚಿದ. ನೀಲವ್ವ ಎದ್ದು ಬೀಗರ ಮನೆಗೆ ನಡೆದಳು. ಮರುದಿನ ಬೆಳಿಗ್ಗೆ ಬಂದು ನನ್ನ ಮೇಜಿನ ಮುಂದೆ ನಿಂತಳು.

“ಇಬ್ಬರೂ ಬರ್ರಿ ಅಂತ ಬರೀರಿ, ಮಾಸ್ತರ.”

ನಾನು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೇ ಬರೆದುಕೊಂಡೆ. ಇರಲೋ ಬರಲೋ ಎಂದು ಕೇಳಿದವನಿಗೆ ಇದು ಉತ್ತರವಲ್ಲ, ಒಬ್ಬನೇ ಬರಬೇಡ ಎಂಬ ಅಪ್ಪಣೆ ಎಂದು ನನಗೆ ತಿಳಿಯದೇ ಇರಲಿಲ್ಲ. ಹೇಳಬಹುದಿತ್ತು. ನಿಯಮ ನೆನಪಾಯಿತು. ಸುಮ್ಮನೆ ಕಳಿಸಿದೆ.

ಶುಕ್ರವಾರ ಹತ್ತು ಗಂಟೆಗೆ ಮರುತಾರು ಬಂತು. ಈ ಸಲ ಒಂದೇ ಮಾತು, ಅದೂ ನಮ್ಮದೇ ಮಾತು: ‘ಬರ್ತೇವಿ’. ಕೆಳಗೆ ಈರಪ್ಪನ ಹೆಸರು. ಬರ್ತೇನಿ ಅಂದರೆ ಒಬ್ಬ, ಬರ್ತೇವಿ ಅಂದರೆ ಇಬ್ಬರು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಓದಿದ ಕೂಡಲೇ ನೀಲವ್ವ ಕಾಗದ ಕಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಬಸಲಿಂಗಪ್ಪ ಬಾಗಿಲ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ. ಮರುದಿನವೇ ಕುಡಚಿ ಸ್ಟೇಷನ್ನಿಗೆ ಹೊರಡುವುದೆಂದೂ, ಎಷ್ಟು ದಿನವಾದರೂ ಅಲ್ಲೇ ಕಾಯುವುದೆಂದೂ ಆಯಿತು. ಇಬ್ಬರಿಗೂ ಹೊಸ ಧೋತರ ಒಯ್ಯಬೇಕು ಎನ್ನುತ್ತ ಆಕೆ ಮೆಟ್ಟಿಲಿಳಿದಳು. ನನಗೂ ಸಂತೋಷವಾಗಿತ್ತು. ಎಂದೂ ಇಲ್ಲದ್ದು, ಪೋಸ್ಟ್ ಮಾಸ್ತರರಿಗೆ ನಾನೇ ಚಹ ತರಿಸಿದೆ.

ಚಹ ಕುಡಿಯುತ್ತ ತಾರಿನ ಪ್ರತಿಯನ್ನು ಕಡತಕ್ಕೆ ಹಾಕುವಾಗ ವಿಳಾಸದ ಮೇಲೆ ಕಣ್ಣು ಬಿತ್ತು. ನೀಲವ್ವ ಎಂದಿರಬೇಕಾದ ಕಡೆ ‘ವೀಲವ್ವ’ ಎಂದಿತ್ತು. ಬರೆದುಕೊಳ್ಳುವಾಗ ನಾನದನ್ನು ನೋಡಿ ನಕ್ಕಿದ್ದೆ. ಈಗ ನಗು ಬರಲಿಲ್ಲ.

ಎನ್ ಅಕ್ಷರಕ್ಕೆ ಒಂದು ಉದ್ದ, ಒಂದು ಗಿಡ್ಡ. ವಿ ಅಕ್ಷರಕ್ಕೆ ಮೂರು ಗಿಡ್ಡ, ಒಂದು ಉದ್ದ. ಕಿವಿಗೆ ಇವೆರಡೂ ಎಂದೂ ಒಂದಾಗಲಾರವು, ನಾನು ಕೇಳಿದ್ದು ವಿ ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಕಣ್ಣಿಗೆ? ಮೊದಲ ತಾರನ್ನು ಗುಮಾಸ್ತ ಬರೆದಿದ್ದ. ಇದು ಕನ್ನಡ ಮಾತು, ಈರಪ್ಪನೇ ಬರೆದಿರಬೇಕು. ನಾಲ್ಕನೇ ಇಯತ್ತೆ ಓದಿದವನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಅವಸರದಲ್ಲಿ ಗೀಚಿದ ಎನ್, ಕನ್ನಡದ ಗಂಧವಿಲ್ಲದ ಸಿಗ್ನಲರನ ಕಣ್ಣಿಗೆ ವಿ ಆಗಿ ಕಂಡಿರಬಹುದು. ಹೆಸರಿನಲ್ಲಿ ಆದ ತಪ್ಪು ಮಾತಿನಲ್ಲೂ ಆಗಿ, ಬರ್ತೇನಿ ಎಂಬುದು ಬರ್ತೇವಿ ಆಗಿದ್ದರೆ?

ಹಾಗಾಗಿದ್ದರೆ ಮಲ್ಲಪ್ಪ ಸಿಕ್ಕಿಲ್ಲ, ಈರಪ್ಪ ಒಬ್ಬನೇ ಬರುತ್ತಿದ್ದಾನೆ. ತಾಯಿ ಎರಡು ಧೋತರ ಹಿಡಿದು ಸ್ಟೇಷನ್ನಿನಲ್ಲಿ ನಿಂತಿರುತ್ತಾಳೆ.

ಸಂಶಯ ಬಂದರೆ ಕಳಿಸಿದ ಕಚೇರಿಗೆ ‘ಮೂಲ ನೋಡಿ ಮತ್ತೆ ತಿಳಿಸಿ’ ಎಂದು ಸರ್ವಿಸ್ ಸಂದೇಶ ಕಳಿಸಲು ನಮಗೆ ಅವಕಾಶವಿತ್ತು. ಪೋಸ್ಟ್ ಮಾಸ್ತರರು ಪುಣೆ ಕಡೆಯವರು, ಕನ್ನಡ ಅಷ್ಟಕ್ಕಷ್ಟೇ. ನೀನು ಕೇಳಿದ್ದು ಸರಿಯಾಗಿದೆ, ತಪ್ಪಿದ್ದರೆ ಅವರದು, ಭೂಕಂಪದ ಗದ್ದಲದಲ್ಲಿ ಲೈನು ತುಂಬಿರುವಾಗ ಒಂದಕ್ಷರಕ್ಕೆ ಯಾಕೆ ಕೆದಕುತ್ತೀ ಎಂದರು. ಆ ಒಂದಕ್ಷರ ಒಬ್ಬ ಮನುಷ್ಯ ಎಂದೆ. ಅವರು ಗೊಣಗುತ್ತ ಸಹಿ ಹಾಕಿದರು.

ಶನಿವಾರ ಬೆಳಿಗ್ಗೆ ನಾನು ಬೀಗರ ಮನೆಗೆ ಹೋದಾಗ ಚಕ್ಕಡಿಗೆ ಎತ್ತು ಹೂಡುತ್ತಿದ್ದರು. ಒಂದು ಅಕ್ಷರದ ಬಗ್ಗೆ ಸಂಶಯವಿದೆ, ಮಧ್ಯಾಹ್ನದವರೆಗೆ ತಡೆಯಿರಿ ಎಂದೆ. ಯಾವ ಅಕ್ಷರ ಎಂದು ನೀಲವ್ವ ಕೇಳಿದಳು. ಹೇಳಿದೆ.

“ನಿನ್ನೆ ಕೊಟ್ಟದ್ದು ಇವತ್ತ ಕಸಗೊಳ್ಳಾಕ ಬಂದೀಯೇನಪಾ?” ಎಂದಳು. ದನಿ ಏರಿರಲಿಲ್ಲ. ಬಸಲಿಂಗಪ್ಪ ಎತ್ತು ಬಿಚ್ಚಿದ.

ಮಧ್ಯಾಹ್ನದವರೆಗೆ ಅಕ್ಕತಮ್ಮ ಬಾಕಿನ ಮೇಲೆ ಕೂತಿದ್ದರು. ಒಂದರ ಸುಮಾರಿಗೆ ಸೌಂಡರ್ ನಮ್ಮ ಕಚೇರಿಯ ಸಂಕೇತ ಕರೆಯಿತು. ಕೊನೆಗೆ ನಾನು ಕಾಯುತ್ತಿದ್ದ ಆ ಅಕ್ಷರ: ಉದ್ದ ಒಂದು, ಗಿಡ್ಡ ಒಂದು. ಎನ್. ಬರೆದುಕೊಳ್ಳುವ ಮೊದಲೇ ಆಕೆಗೆ ನನ್ನ ಮುಖದಿಂದ ತಿಳಿದುಹೋಯಿತು. ಅಳಲಿಲ್ಲ. ತೊಡೆಯ ಮೇಲಿನ ಧೋತರದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಎದ್ದು ಇನ್ನೊಂದು ತಾರು ಬರೆಯಲು ಹೇಳಿದಳು: ‘ನೀ ಬಾ’.

ಹೆಂಗೂ ಹೊರಟಿದ್ದಾನಲ್ಲ, ಇನ್ನೊಂದು ತಾರು ಯಾಕೆ ಎಂದ ಬಸಲಿಂಗಪ್ಪ. ನನಗೂ ಹಾಗೇ ಅನ್ನಿಸಿತ್ತು.

“ಇಬ್ಬರೂ ಬರ್ರಿ ಅಂದಾಕಿ ನಾನ. ಈಗ ಅವ ಒಬ್ಬನ ಬರಾಕತ್ತಾನ. ಅವ್ವಗ ಏನ ಹೇಳ್ಲಿ, ಹೆಂಗ ಮಾರಿ ತೋರಿಸ್ಲಿ ಅಂತ ರೈಲಿನ ತುಂಬ ಅನಕೋಂತ ಬರ್ತಾನ. ಆ ಭಾರ ನಾ ಹೊರಿಸೇನಿ, ನಾನ ಇಳಸಬೇಕು. ಬರೀರಿ ಮಾಸ್ತರ.”

ಅರ್ಜಂಟ್ ಎಂದು ಗುರುತು ಹಾಕಿ ಕಳಿಸಿದೆ. ಪಾಸಿನ ಅವಧಿಗೆ ಎರಡೇ ದಿನ ಉಳಿದಿತ್ತು.

ಮುಂದಿನ ವಾರ ಈರಪ್ಪ ಬಂದ. ರಬಕವಿಗೆ ಹೋಗಿ ಎಂಟು ದಿನವಾದ ಮೇಲೆ ಒಬ್ಬನೇ ನಮ್ಮ ಕಚೇರಿಗೆ ಬಂದು ಕೈ ಮುಗಿದ. ಮೂವತ್ತರ ಆಳು, ಗಡ್ಡ ಬೆಳೆದಿತ್ತು. ಬಾಕಿನ ತುದಿಯಲ್ಲಿ ಕೂತ. ಮಲ್ಲಪ್ಪ ಸಿಗಲೇ ಇಲ್ಲ ಎಂದ. ನೀನು ಹೇಗೂ ಹೊರಟಿದ್ದಿ, ನಿಮ್ಮವ್ವ ಸುಮ್ಮನೆ ಇನ್ನೊಂದು ತಾರು ಮಾಡಿಸಿದಳು ಎಂದು ಏನೋ ಸಮಾಧಾನಕ್ಕೆ ಅಂದೆ. ಅವನು ತಲೆ ಎತ್ತಿದ.

“ನಾ ಬರಾಕ ಹೊಂಟಿದ್ದಿಲ್ರಿ. ಇಬ್ಬರೂ ಬರ್ರಿ ಅಂತ ಅವ್ವ ಅಂದ ಮ್ಯಾಲೆ ಒಬ್ಬನ ಹೆಂಗ ಬರ್ಲಿ? ದಂಡಿನವರು ಸೋಮವಾರ ಪೇಟ್ಯಾಗ ಮಣ್ಣ ತಗಿಯಾಕ ಒಯ್ಯೋ ಮಂದ್ಯಾಗ ಹೆಸರ ಹಚ್ಚಿದ್ದೆ. ಗ್ವಾಡಿ ಇನ್ನಾ ಬೀಳತಿದ್ದೂ. ಜೀವದ ಖಾತ್ರಿ ಇದ್ದಿಲ್ಲ. ಹೋಗೂಮುಂದ ಅವ್ವಗ ಬರ್ತೇನಿ ಅಂತ ಹೇಳಿ ಹೋಗಬೇಕಲ್ರಿ.”

ಮನೆಯಿಂದ ಹೊರಡುವ ಯಾರೂ ನಮ್ಮಲ್ಲಿ ‘ಹೋಗ್ತೇನಿ’ ಎನ್ನುವುದಿಲ್ಲ. ‘ಬರ್ತೇನಿ’ ಎಂದೇ ಎದ್ದು ಹೋಗುತ್ತೇವೆ. ಹುಟ್ಟಿದಾಗಿನಿಂದ ಆಡಿದ ಮಾತು ಅದು. ನಾನು ಅಕ್ಷರ ತಿದ್ದಿದ ಜಂಬದಲ್ಲಿದ್ದೆ. ಆದರೆ ಅವನು ವಿದಾಯ ಹೇಳಿದ್ದು ನನಗೂ ತಿಳಿಯಲಿಲ್ಲ, ಅವನ ಸೋದರಮಾವನಿಗೂ ತಿಳಿಯಲಿಲ್ಲ, ಹೆತ್ತ ತಾಯಿಗೂ ತಿಳಿಯಲಿಲ್ಲ. ‘ನೀ ಬಾ’ ಕೈಗೆ ಬಂದದ್ದು ಸೋಮವಾರ ಬೆಳಿಗ್ಗೆಯಂತೆ, ಆ ಮಂದಿ ಗುದ್ದಲಿ ಹಂಚಿಕೊಳ್ಳುತ್ತಿದ್ದಾಗ. ಇವನು ಗುದ್ದಲಿ ಕೆಳಗಿಟ್ಟು ಸ್ಟೇಷನ್ನಿಗೆ ಓಡಿದ.

ಹೋಗುವ ಮೊದಲು ಅವನು ಒಂದೇ ಒಂದು ಕೇಳಿಕೊಂಡ. ಇದನ್ನು ಅವ್ವನಿಗೆ ಹೇಳಬಾರದು. ತನ್ನ ಮೊದಲ ಮಾತು ಹಿರಿಯ ಮಗನನ್ನೂ ಮಣ್ಣಿಗೆ ಕಳಿಸುತ್ತಿತ್ತು ಎಂದು ಗೊತ್ತಾದರೆ ಆಕೆ ಉಳಿಯುವುದಿಲ್ಲ. ಗುಟ್ಟು ಕಾಯುವುದು ನಮ್ಮ ವೃತ್ತಿಯ ಪ್ರಮಾಣ. ನೀಲವ್ವ ಇರುವತನಕ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಇಪ್ಪತ್ತೆಂಟು ವರ್ಷ ತಂತಿಯ ಮುಂದೆ ಕೂತೆ. ಕೇಳಿದ್ದನ್ನು ಬರೆಯುವ ನಿಯಮ ಒಂದು ದಿನವೂ ಮುರಿಯಲಿಲ್ಲ. ಆದರೆ ಯಾರೇ ತಾರು ಬರೆಸಲು ಬಂದರೂ, ಇದನ್ನು ಓದಿದವರು ಏನು ಮಾಡಿಯಾರು ಎಂದು ಒಮ್ಮೆ ಕೇಳಿಯೇ ಕೀಲಿ ಒತ್ತುತ್ತಿದ್ದೆ. ಕೆಲವರು ಬೈದರು, ಕೆಲವರು ಕೂತು ಯೋಚಿಸಿ ಮಾತು ಬದಲಿಸಿದರು. ‘ಇಬ್ಬರೂ ಬರ್ರಿ’ ಎಂದು ಬರೆಸಿದ ಆ ಬುಧವಾರ ನೀಲವ್ವನಿಗೂ ಅದನ್ನೇ ಕೇಳಿದ್ದರೆ, ‘ನೀ ಬಾ’ ಮೂರು ದಿನ ಮೊದಲೇ ಹೊರಡುತ್ತಿತ್ತು.