ಎಡಮೂಲೆಯ ಹಿತ್ತಾಳೆ ತಾಟು

ಮನುಷ್ಯನ ಇಡೀ ಬಾಳು ಅವನ ಮುಖದ ಮೇಲೆ ಬರೆದಿರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಮುಖ ನೋಡುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ನನಗೆ ಹೆಚ್ಚಿನ ಮುಖಗಳ ಮೇಲೆ ಕಂಡದ್ದು ಪೌಡರು. ಅದೂ ನಾನೇ ಹಚ್ಚಿದ್ದು.

ದೊಡ್ಡ ಯುದ್ಧ ನಡೆದಿದ್ದ ವರ್ಷಗಳಲ್ಲಿ ವಿಜಯಪುರದಲ್ಲಿ, ಆಗ ಎಲ್ಲರ ಬಾಯಲ್ಲೂ ಅದು ವಿಜಾಪುರ, ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ಒಂದು ಅರಿವೆ ಅಂಗಡಿಯ ಮೇಲಿನ ಮಾಳಿಗೆ. ಉತ್ತರದ ಕಡೆಯ ಚಾವಣಿ ತೆಗೆಸಿ ಗಾಜು ಕೂರಿಸಿದ್ದೆ. ಗಾಜಿನ ಕೆಳಗೆ ಹಗ್ಗ ಕಟ್ಟಿ ನಾಲ್ಕು ಬಿಳಿ ಧೋತರ ಇಳಿಬಿಟ್ಟಿದ್ದೆ. ಅವನ್ನು ಅತ್ತಿತ್ತ ಸರಿಸಿದರೆ ಬೆಳಕು ಮುಖದ ಮೇಲೆ ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿತ್ತು. ನೆರಳಾದ ಕೆನ್ನೆಯ ಕಡೆಗೆ ಸುಣ್ಣ ಬಳಿದ ಹಲಗೆಯೊಂದನ್ನು ಓರೆಯಾಗಿ ನಿಲ್ಲಿಸುತ್ತಿದ್ದೆ. ಹತ್ತರಿಂದ ಹನ್ನೆರಡರವರೆಗಿನ ಬೆಳಕೇ ಬೆಳಕು. ಆಮೇಲೆ ತೆಗೆದ ಫೋಟೋದಲ್ಲಿ ಎಂಥ ಪೈಲವಾನನೂ ವಿಷಮಜ್ವರದಿಂದ ಎದ್ದು ಬಂದವನಂತೆ ಕಾಣುತ್ತಿದ್ದ.

ಕಿಟಕಿ ತೆರೆದರೆ ಗೋಲಗುಮ್ಮಟ ಕಾಣುತ್ತಿತ್ತು. ಅದರ ಮುಂದೆ ಫೋಟೋ ತೆಗೆಯಿರಿ ಎಂದು ಒಬ್ಬನೂ ಕೇಳಲಿಲ್ಲ. ಎಲ್ಲರಿಗೂ ಬೇಕಾದದ್ದು ನನ್ನ ಪರದೆ: ಅರಮನೆಯ ಮೆಟ್ಟಿಲು, ಕೊಳ, ಕೊಳದಲ್ಲಿ ಎರಡು ಹಂಸ. ಹಂಸವನ್ನು ಕಂಡರಿಯದ ಪೇಂಟರು ಬರೆದದ್ದರಿಂದ ಅವು ಹಂಸಗಳೆಂದು ನಾನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಅವುಗಳಲ್ಲಿ ಎಡಗಡೆಯದರ ಕುತ್ತಿಗೆಯನ್ನು ಇಲಿ ತಿಂದಿತ್ತು. ಆ ತೂತು ಮುಚ್ಚಲು ಅಲ್ಲೊಂದು ಸಣ್ಣ ಮೇಜು, ಮೇಜಿನ ಮೇಲೆ ಗಿರಾಕಿಯ ಯೋಗ್ಯತೆ ನೋಡಿ ಏನಾದರೊಂದು ಸಾಮಾನು. ತಂತಿಯಿಲ್ಲದ ಟೆಲಿಫೋನು, ಮುಳ್ಳು ಓಡದ ಗಡಿಯಾರ, ಯಾರೂ ಓದಿರದ ದಪ್ಪ ಪುಸ್ತಕ ನನ್ನ ಹತ್ತಿರ ಇದ್ದವು. ಗಂಡಸರಿಗೆ ಒಂದು ಕರಿ ಕೋಟು. ಸಣಕಲು ಆಳಿಗೆ ಬೆನ್ನಿನ ಕಡೆ ಚಿಮಟ ಹಾಕಿ ಬಿಗಿಯುತ್ತಿದ್ದೆ, ದಪ್ಪ ಆಳಿಗೆ ಬೆನ್ನಿನ ಹೊಲಿಗೆ ಬಿಚ್ಚಿ ಬಿಡುತ್ತಿದ್ದೆ. ವಿಜಾಪುರದ ಅರ್ಧ ಪ್ರತಿಷ್ಠೆ ಆ ಒಂದೇ ಕೋಟಿನೊಳಗೆ ಹೊಕ್ಕು ಹೊರಬಂದಿದೆ.

ಇಷ್ಟು ವೈಭವದ ನಡುವೆ ನನಗೊಂದು ಆಸೆಯಿತ್ತು. ತಿಕೋಟಾದಲ್ಲಿ ನನ್ನ ಸೋದರತ್ತೆ, ಅಂದರೆ ತಂದೆಯ ತಂಗಿ, ಇದ್ದಳು. ಅವಳಿಗೊಬ್ಬಳೇ ಮಗಳು. ಚಿಕ್ಕಂದಿನಲ್ಲಿ ಘೋಣಸಗಿಯ ನಮ್ಮ ಹೊಲದಲ್ಲಿ ಹಸಿ ಕಡಲೆ ಕಿತ್ತು ತಿನ್ನುವಾಗ, ನಾನು ಕಿತ್ತದ್ದನ್ನೆಲ್ಲ ಅವಳು ತಿಂದು, ತಾನು ಕಿತ್ತದ್ದನ್ನು ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಆ ವ್ಯವಹಾರ ಜೀವನಪೂರ್ತಿ ನಡೆಯಲಿ ಎಂಬುದು ನನ್ನ ಆಸೆ.

ನಮ್ಮಲ್ಲಿ ಸೋದರತ್ತೆಯ ಮಗಳ ಮೇಲೆ ಮೊದಲ ಹಕ್ಕು ತವರಿನ ಹುಡುಗನದು. ಹೊರಗೆ ಕೊಡುವುದಾದರೆ ಹುಡುಗಿಯ ತಾಯಿ ತವರಿನ ಹಿರಿಯನ ಮುಂದೆ ಹಿತ್ತಾಳೆಯ ತಾಟು ಹಿಡಿಯಬೇಕು. ತಾಟಿನಲ್ಲಿ ಐದು ವೀಳ್ಯದೆಲೆ, ಐದು ಅಡಿಕೆ, ಒಂದು ತೆಂಗಿನಕಾಯಿ, ಒಂದು ಅರಿಸಿನದ ಕೊಂಬು. ಅವನು ಎರಡು ಕೈಯಿಂದ ತೆಗೆದುಕೊಂಡನೋ, ಹಕ್ಕು ಬಿಟ್ಟ ಹಾಗೆ. ಕೈಕಟ್ಟಿ ನಿಂತನೋ, ಹೊರಗಿನ ಮಾತು ಅಲ್ಲಿಗೆ ನಿಂತ ಹಾಗೆ. ವಾದವಿಲ್ಲ, ಪಂಚರಿಲ್ಲ. ನನ್ನ ತಂದೆ ತಾಯಿ ತೀರಿಹೋಗಿದ್ದರು. ಅತ್ತೆಗೆ ತವರು ಎಂದರೆ ನಾನು. ಹಿರಿಯನೂ ನಾನೇ, ಹುಡುಗನೂ ನಾನೇ. ನ್ಯಾಯಾಧೀಶನೂ ಕಕ್ಷಿದಾರನೂ ಒಬ್ಬನೇ ಆದ ಖಟ್ಲೆಯನ್ನು ಸೋಲುವುದು ಕಷ್ಟ. ಆದರೂ ಸಾಧ್ಯವಿದೆ.

ಅತ್ತೆಯ ಗಂಡನಿಗೆ, ನನ್ನ ಮಾವನಿಗೆ, ನನ್ನ ದಂಧೆ ಸೇರುತ್ತಿರಲಿಲ್ಲ. "ಎರಡೆತ್ತಿನ ಕಮತ ಮಂದಿ ಕೈಯಾಗ ಕೊಟ್ಟು, ಕರೇ ಅರಿವಿ ಹೊದ್ಕೊಂಡು ಮಂದಿ ಮಾರಿ ನೋಡ್ತಾನ ಮಗಾ. ಮಳಿ ಬಂದ್ರ ಇವನಿಗೆ ದುಗುಡ, ಬಿಸಿಲು ಬಂದ್ರ ಹಬ್ಬ. ಇಂಥ ಒಕ್ಕಲಿಗನ್ನ ಎಲ್ಲ್ಯಾರ ಕಂಡೀರೇನು?" ಎಂದು ಊರ ಕಟ್ಟೆಯ ಮೇಲೆ ಕೇಳುತ್ತಿದ್ದನಂತೆ.

ಒಂದು ದಿನ ಮಾವನ ಕಾರ್ಡು ಬಂತು. ಬಬಲೇಶ್ವರದ ಒಂದು ಮನೆತನ ಮಗಳನ್ನು ಕೇಳಿದೆ, ಹುಡುಗ ಮುಂಬೈಯಲ್ಲಿ ಕಾರಕೂನ, ಮೊದಲು ಫೋಟೋ ಕಳಿಸಿ ಎಂದಿದ್ದಾನೆ, ಬರುವ ಸೋಮವಾರ ಮೂವರೂ ಬರುತ್ತೇವೆ, ನೀನೇ ತೆಗೆ.

ಬೇರೆಯವನಾಗಿದ್ದರೆ ಅದೇ ದಿನ ತಿಕೋಟಾಕ್ಕೆ ಹೋಗಿ, ಮಾವಾ, ಹುಡುಗಿ ನನಗೆ ಬೇಕು ಎನ್ನುತ್ತಿದ್ದ. ನಾನು ಕಲಾವಿದ, ಯೋಜನೆ ಹಾಕಿದೆ. ವಿಜಾಪುರ ಕಂಡರಿಯದಂಥ ಫೋಟೋ ತೆಗೆಯುವುದು. ಅದನ್ನು ನೋಡಿ ಮಾವನ ಕಣ್ಣು ತೆರೆಯುವುದು. ಊಟಕ್ಕೆ ಕೂತಾಗ ನಾನು ಮೆಲ್ಲಗೆ ಬಾಯಿ ತೆರೆಯುವುದು. ತಾಟಿನ ಚಿಂತೆ ನನಗಿರಲಿಲ್ಲ. ಅದು ಬಬಲೇಶ್ವರದವರು ಒಪ್ಪಿದ ಮೇಲೆ, ಘೋಣಸಗಿಯ ಮನೆಯಲ್ಲಿ, ನಾಲ್ಕು ಮಂದಿಯ ಎದುರಿಗೆ ಬರುವ ವಸ್ತು.

ಆಗ ಫೋಟೋ ಮೂಡುತ್ತಿದ್ದದ್ದು ಮಸಾಲೆ ಹಚ್ಚಿದ ಗಾಜಿನ ಮೇಲೆ. ಯುದ್ಧದಿಂದಾಗಿ ಒಳ್ಳೆಯ ಗಾಜು ಬರುವುದು ನಿಂತಿತ್ತು. ನನ್ನಲ್ಲಿ ಉಳಿದದ್ದು ಒಂದೇ ಒಂದು. ಅದನ್ನು ತೆಗೆದಿಟ್ಟೆ. ಆ ಗಾಜಿಗೆ ಕೆಂಪು ಎಂದರೆ ಕಪ್ಪು, ತಿಳಿನೀಲಿ ಎಂದರೆ ಬಿಳುಪು. ಕೆಂಪು ಸೀರೆ ಉಟ್ಟವಳು ಫೋಟೋದಲ್ಲಿ ಕರಿ ಸೀರೆಯಲ್ಲಿ ಇರುತ್ತಾಳೆ, ನೀಲಿ ಸೀರೆಯವಳು ಬಿಳಿ ಸೀರೆಯಲ್ಲಿ. ವರನ ಕಡೆಗೆ ಕಳಿಸಲು ಎರಡೂ ಲಾಯಕ್ಕಿಲ್ಲ. ಅದಕ್ಕೆ ಉತ್ತರದ ಕಾರ್ಡಿನಲ್ಲಿ ಬರೆದೆ: ಗಿಳಿಹಸಿರು ಇಳಕಲ್ ಸೀರೆ ಇರಲಿ, ಸೆರಗಿನ ಕೆಂಪು ಹಿಂದಕ್ಕೆ ಹೋಗಲಿ, ತಲೆಗೆ ಎಣ್ಣೆ ಕಡಿಮೆ, ಮೂಗಿಗೆ ನತ್ತು ಬೇಡ, ಅದರ ನೆರಳು ತುಟಿಯ ಮೇಲೆ ಬಿದ್ದು ಮೀಸೆ ಬಂದಂತೆ ಕಾಣುತ್ತದೆ. ಕಾರ್ಡಿನ ಎರಡೂ ಬದಿ ತುಂಬಿತು. ನನ್ನ ಮನಸ್ಸಿನ ಮಾತು ಬರೆಯಲು ಜಾಗ ಉಳಿಯಲಿಲ್ಲ.

ಸೋಮವಾರ ಹತ್ತು ಗಂಟೆಗೆ ಸವಾರಿ ಗಾಡಿ ಬಂದು ನಿಂತಿತು. ಮಾವ ಮೆಟ್ಟಿಲು ಹತ್ತುತ್ತಲೇ ಶುರುಮಾಡಿದ. "ಏನಲೇ, ಸೀರಿ ಬಣ್ಣಕ್ಕೂ ಸರಕಾರದ ಕಾಯ್ದೆ ಬಂದಾವೇನು? ಹಸರ ಸೀರಿ ಹುಡುಕಾಕ ನಿಮ್ಮತ್ತಿ ಸಂದೂಕೆಲ್ಲಾ ಬುಡಮೇಲು ಮಾಡ್ಯಾಳ."

ಅತ್ತೆ ಕೈಯಲ್ಲೊಂದು ಗಂಟು ಹಿಡಿದಿದ್ದಳು. ನನ್ನ ಮುಖ ನೋಡಿದಳು. ಅವಳ ಹಿಂದೆ ಮಗಳು, ಹಸಿರು ಸೀರೆಯಲ್ಲಿ. ನಾನು ತಕ್ಷಣ ಗಮನಿಸಿದ್ದು ಹಸಿರು ಒಂದು ಗುಂಜಿ ಹೆಚ್ಚು ಗಾಢವಾಗಿದೆ ಎಂಬುದನ್ನು. ಒಂದು ಧೋತರ ಆಚೆ ಸರಿಸಿದರೆ ಸರಿಹೋಗುತ್ತಿತ್ತು, ಸರಿಸಿದೆ.

ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಬಲಗೆನ್ನೆಗೆ ಬೆಳಕು, ಎಡಗೆನ್ನೆಗೆ ಹಲಗೆ. ಮೇಜಿನ ಮೇಲೆ ಟೆಲಿಫೋನು ಇಟ್ಟೆ.

"ಇದರಾಗ ಯಾರ ಜೋಡಿ ಮಾತಾಡ್ಲಿ?" ಎಂದಳು. "ತಿಕೋಟಾದಾಗ ಕೂಗಿದ್ರ ಕೇಳತೈತಿ."

ಟೆಲಿಫೋನು ತೆಗೆದು ಪುಸ್ತಕ ಇಟ್ಟೆ.

"ನಾ ಎರಡನೇತ್ತಾ ಸಾಲಿ ಬಿಟ್ಟಾಕಿ. ಮುಂಬೈದಾವ ಬಂದು ಓದು ಅಂದ್ರ ನೀ ಬಂದು ಓದ್ತೀಯೇನು?"

ಮಾವ ನಕ್ಕ. ನಾನೂ ನಕ್ಕೆ. ಅವಳು ಮಾತ್ರ ನಗದೆ ನನ್ನನ್ನೇ ನೋಡಿದಳು. ಅದು ತಮಾಷೆಯಲ್ಲ, ನಿಜವಾಗಿ ಕೇಳಿದ ಪ್ರಶ್ನೆಯಾಗಿತ್ತು ಎಂದು ಈಗ ಗೊತ್ತು. ಆಗ ನನ್ನ ತಲೆಯಲ್ಲಿದ್ದದ್ದು ಕುತ್ತಿಗೆಯಿಲ್ಲದ ಹಂಸ. ಮೇಜು ಬರಿದಾಗಿತ್ತು. ಎಡಮೂಲೆ ಕತ್ತಲು, ಅದರ ನಡುವೆ ತೂತು. ಅಲ್ಲಿಗೆ ಬೇಕಾದದ್ದು ಏನೋ ಒಂದು ದುಂಡನೆಯ ವಸ್ತು, ತುಸು ಹೊಳೆಯುವಂಥದ್ದು, ಮನೆತನಸ್ಥರ ಮನೆಯದು. ಹನ್ನೆರಡಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಒಳಗಿನ ಕೋಣೆಗೆ ಹೋಗಿ ಹೂದಾನಿ ತಂದೆ, ಬೇಡವೆನಿಸಿತು. ತಂಬಿಗೆ ತಂದೆ, ನೀರಡಿಸಿ ಬಂದವಳ ಫೋಟೋದಂತೆ ಕಂಡಿತು.

ತಿರುಗಿ ನೋಡಿದರೆ ಅತ್ತೆ ನಿಂತಿದ್ದಳು. ಗಂಟು ಬಿಚ್ಚಿ, ಎರಡು ಕೈಯಲ್ಲಿ ಹಿತ್ತಾಳೆಯ ತಾಟು ಹಿಡಿದಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಟು. ಅಂಚಿನ ಮೇಲೆ ಗಾಜಿನ ಬೆಳಕು ಬಂಗಾರದ ಎಳೆಯ ಹಾಗೆ ಓಡುತ್ತಿತ್ತು. ನಡುವೆ ತೆಂಗಿನಕಾಯಿ, ಸುತ್ತ ಎಲೆ.

"ಅಯ್ಯ ಅತ್ತಿ! ಇದ ನೋಡು ಬೇಕಾಗಿದ್ದು. ಕೊಡು ಇಲ್ಲೆ!"

ಎಂದು ನಗುನಗುತ್ತ ಎರಡು ಕೈಯಿಂದ ತೆಗೆದುಕೊಂಡೆ.

ಅತ್ತೆಯ ಕೈ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅತ್ತಿ, ಬೆಳಕಿಗಿ ಅಡ್ಡ ನಿಂತಿ ಬೇ, ತುಸು ಸರಿ" ಎಂದೆ. ಸರಿದಳು. ಮಾವ ಗಂಟಲು ಸರಿಮಾಡಿಕೊಂಡು, "ಆತು, ಭಾಳ ಛಲೋ ಆತು" ಎಂದ. ನನ್ನ ಕೆಲಸವನ್ನು ಮೊದಲ ಬಾರಿಗೆ ಹೊಗಳಿದ ಎಂದುಕೊಂಡೆ.

ತಾಟು ಮೇಜಿನ ಮೇಲೆ ಇಟ್ಟೆ, ತೂತು ಮುಚ್ಚಿತು. ಕರಿ ಅರಿವೆ ಹೊದ್ದುಕೊಂಡೆ. ಕ್ಯಾಮೆರಾದೊಳಗೆ ಜನ ತಲೆಕೆಳಗಾಗಿ ಕಾಣುತ್ತಾರೆ. ಅವಳೂ ಹಾಗೇ ಕಂಡಳು. ಅಷ್ಟು ಹೊತ್ತು ತುಟಿಯಂಚಿನಲ್ಲಿದ್ದ ತುಂಟತನ ಹೋಗಿತ್ತು. ಮುಖ ತುಸು ಬಲಕ್ಕೆ ಹೊರಳಿ, ಕಣ್ಣು ನನ್ನನ್ನು ದಾಟಿ ಎಲ್ಲೋ ನಿಂತಿತ್ತು. ಗಂಭೀರ, ನಿಶ್ಚಲ. ಗಿರಾಕಿಗಳಿಂದ ಅಂಥ ಮುಖ ತರಿಸಲು ನಾನು ಒಂದೊಂದು ತಾಸು ಒದ್ದಾಡಿದ್ದೆ.

"ಹಾಂ, ಹಿಂಗ ಇರು," ಎಂದು ಅರಿವೆಯೊಳಗಿಂದಲೇ ಕೂಗಿದೆ. "ಇದ ಮಾರಿ ಬೇಕಾಗಿತ್ತು. ಅಲ್ಲಾಡಬ್ಯಾಡ."

ಅವಳು ಅಲ್ಲಾಡಲಿಲ್ಲ. ಗಾಜು ಸೇರಿಸಿ, ಕ್ಯಾಮೆರಾದ ಮುಚ್ಚಳ ತೆಗೆದು, ಎರಡು ಎಣಿಸಿ ಮುಚ್ಚಿದೆ.

ಅರಿವೆಯಿಂದ ಹೊರಗೆ ಬಂದಾಗ ಮಾವ ತಾಟಿನಿಂದ ಅರಿಸಿನದ ಕೊಂಬು ಎತ್ತಿ ನನ್ನ ಕೈಯಲ್ಲಿಟ್ಟ. "ಹಕ್ಕು ಬಿಡಿಸದ ಹುಡುಗೀದು ಫೋಟೋ ಹೊರಗ ಹೋಗಬಾರದು ಅಂತ ನಿಮ್ಮತ್ತಿ ಹಟ ಹಿಡದಿದ್ಲು. ನೀ ಕೈಕಟ್ಟಿ ನಿಲ್ತಿ ಅಂತ ನನಗೂ ಒಳಗ ಅಂಜಿಕಿ ಇತ್ತು. ದೊಡ್ಡ ಮನಸ ಮಾಡಿದಿ ತಮ್ಮಾ."

ಆಗ ಕೊಂಬು ಕಣ್ಣಿಗೆ ಬಿತ್ತು. ಐದು ಎಲೆ, ಐದು ಅಡಿಕೆ ಕಂಡವು.

"ಮಾಮಾ, ಅದು ಫೋಟೋ ಸಲುವಾಗಿ..." ಎಂದೆ.

"ಮತ್ತ, ಫೋಟೋ ಸಲುವಾಗೇ ಬಂದೀವಲ್ಲ," ಎಂದು ಮಾವ ರುಮಾಲು ಸುತ್ತಿಕೊಂಡ.

ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು. ನನ್ನ ಇನ್ನೊಂದು ಕೈಯಲ್ಲಿ ಅವಳ ಫೋಟೋ ಮೂಡಿದ ಗಾಜಿನ ಪೆಟ್ಟಿಗೆ ಇತ್ತು. ಅದನ್ನು ಅಲ್ಲೇ ಇಟ್ಟು ಓಡಬಹುದಿತ್ತು. ಬಿಸಿಲಿನಲ್ಲಿ ಗಾಜು ಕೆಡುತ್ತದೆ ಎಂದು ಮೊದಲು ಕತ್ತಲೆ ಕೋಣೆಗೆ ಹೋದೆ. ಹೊರಗೆ ಬಂದಾಗ ಬೀದಿಯಲ್ಲಿ ಗಾಡಿ ಇರಲಿಲ್ಲ. ಅವರಿಗಾಗಿ ಮಾಡಿಸಿದ್ದ ಶೇಂಗಾ ಹೋಳಿಗೆ ಕೆಳಗಿನ ಅಂಗಡಿಯವರು ತಿಂದು, ಚೆನ್ನಾಗಿದೆ ಎಂದರು.

ಗಾಜು ಕೆಟ್ಟಿರಲಿಲ್ಲ. ನನ್ನ ಕೈಯಿಂದ ಅಂಥ ಫೋಟೋ ಹಿಂದೆ ಬಂದಿರಲಿಲ್ಲ, ಮುಂದೆ ಬರಲಿಲ್ಲ.

ಬುಧವಾರ ಅದನ್ನು ಹಿಡಿದುಕೊಂಡು ತಿಕೋಟಾಕ್ಕೆ ಹೋದೆ. ಮಾವ ಬಬಲೇಶ್ವರಕ್ಕೆ ಹೋಗಿದ್ದ, ಹಕ್ಕಿನ ಅಡ್ಡಿ ಕಳೆಯಿತು ಎಂದು ಹೇಳಿಬರಲು. ಅತ್ತೆ ನನ್ನನ್ನು ಕಂಡು ಒಲೆಯ ಮುಂದಿನಿಂದ ಏಳಲಿಲ್ಲ. "ನೀ ತಗೋಳಂಗಿಲ್ಲ ಅಂತ ತಿಳದ ತಂದಿದ್ನೋ ಯಪ್ಪಾ," ಎಂದಳು. "ಅವರ ಮುಂದ ನನ್ನ ಮಾತು ನಡ್ಯಾಂಗಿಲ್ಲ. ನಿನ್ನ ಕೈ ನಡೀತಿತ್ತು." ಮತ್ತೆ ರೊಟ್ಟಿ ಬಡಿಯತೊಡಗಿದಳು.

ಹಿತ್ತಲಿನಲ್ಲಿ ಮಗಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಫೋಟೋ ಕೊಟ್ಟೆ. ಬಹಳ ಹೊತ್ತು ನೋಡಿದಳು.

"ಛಲೋ ಬಂದೈತಿ," ಎಂದಳು. "ತಾಟು ಭಾಳ ಛಲೋ ಬಂದೈತಿ."

"ನನಗ ಅದು ಆ ತಾಟಂತ ಗೊತ್ತಾಗಲಿಲ್ಲ. ದೇವರಾಣಿ. ಊಟಕ್ಕ ಕುಂತಾಗ ನಿಮ್ಮಪ್ಪನ್ನ ಕೇಳಾಂವ ಇದ್ದೆ. ಈಗೂ ಕೇಳ್ತೀನಿ. ನೀ ಒಂದು ಮಾತು ಹೂಂ ಅನ್ನು."

"ನೀ ತಾಟು ತಗೊಳ್ಳಾಗ ನಾ ನಿನ್ನ ಮಾರಿನ ನೋಡಾಕತ್ತಿದ್ದೆ. ನೀ ನಕ್ಕಿ."

"ಫೋಟೋ ಸಲುವಾಗಿ ನಕ್ಕಿದ್ದೆ."

"ನಂಬ್ತೀನಿ," ಎಂದಳು. ಮೊರ ಕೆಳಗಿಟ್ಟಳು. "ಅದಕ್ಕ ಬ್ಯಾಡ ಅನ್ನಾಕತ್ತೀನಿ. ಅವ್ವ ಮುಂದ ಬಂದು ನಿಂತ್ಲು, ಕೈ ನಡಗತಿದ್ದುವು, ನಿನಗ ಕಾಣಲಿಲ್ಲ. ನಾ ಎದುರಿಗೆ ಕುಂತಿದ್ದೆ, ಅಳು ಬಂದಿತ್ತು, ಅದ ಮಾರಿ ಬೇಕಾಗಿತ್ತು ಅಂದಿ. ನಿನ್ನ ಕಣ್ಣಿಗೆ ಹಿತ್ತಾಳಿ ಬಿತ್ತು. ನಾಳೆ ನಾ ಸಾಯಾಕ ಬಿದ್ರೂ ನೀ ಧೋತರ ಸರಸಾಂವನ."

ನನ್ನ ಜೀವನದಲ್ಲಿ ನನ್ನ ಕೆಲಸದ ಬಗ್ಗೆ ಯಾರಾದರೂ ಸರಿಯಾಗಿ ವಿಮರ್ಶೆ ಮಾಡಿದ್ದರೆ ಅದು ಅವಳೇ. ಉತ್ತರ ಕೊಡಲು ಬಾಯಿ ತೆರೆದೆ. ಅದೇ ಗಳಿಗೆಯಲ್ಲಿ ಬೇವಿನ ಮರದ ಎಲೆಗಳ ನಡುವಿನಿಂದ ಬಿಸಿಲು ಅವಳ ಎಡಗೆನ್ನೆಯ ಮೇಲೆ ಬಿದ್ದಿತ್ತು, ಮೊರದ ಜೋಳದಿಂದ ಹೊಮ್ಮಿದ ಬೆಳಕು ಗದ್ದದ ಕೆಳಗೆ ಹರಡಿತ್ತು. ನಾನು ಅದನ್ನು ನೋಡಿಬಿಟ್ಟೆ. ನೋಡಿದ್ದನ್ನು ಅವಳೂ ನೋಡಿದಳು. ಮತ್ತೆ ಮೊರ ಎತ್ತಿಕೊಂಡಳು.

ಫೋಟೋ ಅಲ್ಲೇ ಬಿಟ್ಟು ಬಂದೆ. ಮಾವ ಅದನ್ನು ಮುಂಬೈಗೆ ಕಳಿಸಿದ. ಹುಡುಗ ಒಪ್ಪಿದ ಕಾಗದ ಒಂಬತ್ತನೆಯ ದಿನ ಬಂತು. ಹುಡುಗಿಯ ಮುಖದಲ್ಲಿ ಬಹಳ ಗಾಂಭೀರ್ಯವಿದೆ ಎಂದು ಬರೆದಿದ್ದನಂತೆ. ಮದುವೆಗೆ ಫೋಟೋ ತೆಗೆಯಲು ನನ್ನಲ್ಲಿ ಗಾಜು ಇರಲಿಲ್ಲ, ಯಾರೂ ಕೇಳಲೂ ಇಲ್ಲ. ವೈಶಾಖದ ಎರಡನೆಯ ವಾರ ಬಬಲೇಶ್ವರದಲ್ಲಿ ಅವಳ ಮದುವೆಯಾಯಿತು.