ಬಾಣಲೆ ಮೇಸ್ತ್ರಿಯ ನೀಲಿ ಕಾಳು

ವಿದ್ಯುತ್ ಕೇಂದ್ರದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಬಾಣಲೆ ಮೇಸ್ತ್ರಿ ಎಂದೇ. ಹೆಸರಿಟ್ಟವರು ನಕ್ಕು ಹೋದರು, ಹುರಿದು ಕೈ ಸುಟ್ಟುಕೊಂಡವನು ಮಾತ್ರ ಅವನು.

ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಕೂಡ ಉಸಿರಾಡುತ್ತದೆ. ಕಾದಾಗ ಒಳಗಿನ ಎಣ್ಣೆ ಹಿಗ್ಗಿ ಗಾಳಿಯನ್ನು ಹೊರಗೆ ದೂಡುತ್ತದೆ, ತಣಿದಾಗ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವ ಹೀರಲೆಂದು ಪೈಪಿನ ಬಾಯಲ್ಲಿ ಒಂದು ಗಾಜಿನ ಡಬ್ಬಿ, ಅದರ ತುಂಬ ಸಿಲಿಕಾ ಜೆಲ್ ಕಾಳು. ಒಣಗಿದ್ದರೆ ನೀಲಿ, ಒದ್ದೆಯಾದರೆ ಗುಲಾಬಿ. ತೇವ ಎಣ್ಣೆಗಿಳಿಯುತ್ತ ಹೋದರೆ ಒಂದು ದಿನ ಢಮ್ ಎನ್ನುತ್ತದೆ. ಆಮೇಲೆ ಆಸ್ಪತ್ರೆಯೂ ಸೇರಿ ಅರ್ಧ ಊರು ಕತ್ತಲಲ್ಲಿ. ಇಷ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಓದಿದವರಿಗೇ ತಿಳಿಯದೆ ಹೋದದ್ದು ಅವನ ಹಣೆಬರಹ.

ಹೊಸ ಕಾಳು ಕಳಿಸಿ ಎಂದು ಮೇಲಿನ ಕಚೇರಿಗೆ ಎರಡು ವರ್ಷದಲ್ಲಿ ಹನ್ನೊಂದು ಸಲ ಬರೆದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಹಾಗೆಂದು ಕೈಕಟ್ಟಿ ಕೂರಲಾದೀತೆ? ಗುಲಾಬಿಯಾದ ಕಾಳನ್ನು ಬಿಚ್ಚಿಕೊಂಡು ಪಕ್ಕದ ಕ್ವಾರ್ಟರ್ಸಿಗೆ ಓಡಿ, ಹಳೇ ಬಾಣಲೆಯಲ್ಲಿ ಹುರಿದು ನೀಲಿ ಮಾಡಿ, ಮತ್ತೆ ಓಡಿ ತುಂಬುತ್ತಿದ್ದ.

“ವಿಷ, ಮುಟ್ಟಿದ್ರೆ ಕೈ ತೊಳ್ಕೋ ಅಂತೀರಿ, ಅದನ್ನೇ ತಂದು ನನ್ನ ಒಲೆ ಮೇಲೆ ಇಡ್ತೀರಿ,” ಎಂದು ಹೆಂಡತಿ ಕಿಟಕಿ ತೆಗೆಯುತ್ತ ಗೊಣಗುತ್ತಿದ್ದಳು. “ಆ ಟ್ರಾನ್ಸ್‌ಫಾರ್ಮರ್ ಏನು ನಿಮ್ಮಪ್ಪ ಮಾಡಿಟ್ಟ ಆಸ್ತಿನಾ?”

“ಆಸ್ತಿ ಆಗಿದ್ರೆ ಎಂದೋ ಮಾರಿಬಿಡ್ತಿದ್ದೆ ಕಣೇ.”

ಹುರಿದೂ ಹುರಿದೂ ಕಾಳು ಪುಡಿಯಾಗತೊಡಗಿತು. ಮೊದಲು ತಿಂಗಳುಗಟ್ಟಲೆ ನೀಲಿಯಾಗಿರುತ್ತಿದ್ದದ್ದು ಈಗ ವಾರವೂ ತಾಳುತ್ತಿರಲಿಲ್ಲ. ಅಷ್ಟರಲ್ಲಿ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಈ ಸಲ ಹುರಿಯುವುದೇ ಇಲ್ಲ ಎಂದು ಅವನು ನಿರ್ಧರಿಸಿದ. ಗುಲಾಬಿ ಬಣ್ಣ ಅವರ ಕಣ್ಣಿಗೇ ರಾಚಲಿ, ಆಗಲಾದರೂ ಹೊಸದು ಬಂದೀತು.

ತಪಾಸಣೆಗೆ ಮೂರು ದಿನವಿರುವಾಗ ಮಳೆ ಹಿಡಿಯಿತು. ಡಬ್ಬಿಯ ತಳದಿಂದ ಗುಲಾಬಿ ಮೇಲೇರುತ್ತ ಬಂತು. ಗಂಟೆಗೊಮ್ಮೆ ಹೋಗಿ ನೋಡಿ, ಬೈದುಕೊಂಡು ಬರುತ್ತಿದ್ದ. ಮೂರನೆಯ ದಿನ ಮೇಲೆ ಎರಡು ಬೆರಳಿನಷ್ಟು ನೀಲಿ ಉಳಿದಿತ್ತು. ಇನ್ನೊಂದು ದಿನ ತಡೆದುಕೊಂಡಿದ್ದರೆ ಸಾಕಿತ್ತು. ಅವನಿಂದ ಆಗಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಒಲೆ ಹಚ್ಚಿದ.

ಮಾರನೆಯ ದಿನ ಸಾಹೇಬರು ಡಬ್ಬಿಯ ಮುಂದೆ ನಿಂತರು. “ನೀಲಿನೇ ಇದೆಯಲ್ರೀ. ಹೊಸದು ಯಾಕೆ?”

“ಸರ್, ಇದು ನಾನು ಹುರಿದು ಹಾಕಿದ್ದು. ಕಾಳು ಸತ್ತುಹೋಗಿದೆ, ಐದಾರು ದಿನಕ್ಕೆ ಮತ್ತೆ ಗುಲಾಬಿ ಆಗತ್ತೆ.”

“ಹುರಿದ್ರೆ ಸರಿಹೋಗತ್ತೆ ಅಂತಾಯ್ತಲ್ಲ. ಒಳ್ಳೇ ಕೆಲಸ ಮಾಡಿದೀರಿ.” ಅವರು ಬೆನ್ನು ತಟ್ಟಿದರು. ಆ ಕೈಯನ್ನು ಕಿತ್ತೆಸೆಯುವಷ್ಟು ಸಿಟ್ಟು ಬಂತು ಅವನಿಗೆ. “ಹೌದು ಸರ್,” ಎಂದ.

ಮುಂದಿನ ವಾರ ಸುತ್ತೋಲೆ ಬಂತು. ಇನ್ನು ಮುಂದೆ ಎಲ್ಲ ಕೇಂದ್ರಗಳಲ್ಲೂ ಕಾಳನ್ನು ಹುರಿದೇ ಬಳಸತಕ್ಕದ್ದು, ಹೊಸದಕ್ಕೆ ಬೇಡಿಕೆ ಕಳಿಸತಕ್ಕದ್ದಲ್ಲ. ಅದನ್ನು ಓದಿ ಮುಗಿಸುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪಕ್ಕದ ಕೇಂದ್ರದ ಮೇಸ್ತ್ರಿ.

“ಅಣ್ಣಾ, ಎಷ್ಟು ಹೊತ್ತು ಹುರೀಬೇಕು?”

“ಸಣ್ಣ ಉರಿ ಇಡು. ಪೂರ್ತಿ ನೀಲಿ ತಿರುಗೋವರೆಗೂ ಕೈಯಾಡಿಸ್ತಾ ಇರು.”

“ಆಯ್ತು.” ಫೋನ್ ಇಡುವ ಮೊದಲು ಆ ಕಡೆಯವನು ಹೇಳಿದ. “ನಮಗೆ ಆರು ತಿಂಗಳಿಗೊಮ್ಮೆ ಹೊಸದು ಬರ್ತಿತ್ತಣ್ಣ. ನಿಮ್ಮ ಪುಣ್ಯದಿಂದ ಅದೂ ನಿಂತುಹೋಯ್ತು.”