ಉಳಿದಿದ್ದ ಒಂದೇ ಕಂಟ್ರೋಲರ್ ಕಾರ್ಡ್

ನಾನಿರುವ ಊರಿನ ಎಸ್ಪ್ಲನೇಡ್ ಪೇಟೆಯ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ನಾನು ಆರಿಸಿದ ಕಾರ್ಡನ್ನು ಕಂಡೊಡನೆ, ಪಕ್ಕದಲ್ಲಿದ್ದ ಹಿರಿಯರು ಚೀಲದಿಂದ ಅಂಥದೇ, ಆದರೆ ಕೆಟ್ಟುಹೋಗಿದ್ದ ಕಾರ್ಡೊಂದನ್ನು ತೆಗೆದು ತೋರಿಸಿದರು. ಮನೆಯ ಹಾಡು, ವಿಡಿಯೊಗಳನ್ನೆಲ್ಲ ಒಂದೆಡೆ ಇಡಲು ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ಜೋಡಿಸುವ ಕಾರ್ಡ್ ಅದು. ಆ ಮಾದರಿ ಬರುವುದು ನಿಂತಿತ್ತು; ಅಂಗಡಿಯಲ್ಲಿ ಉಳಿದಿದ್ದುದು ನನ್ನ ಕೈಯಲ್ಲಿದ್ದುದೊಂದೇ.

“ಬೇರೆ ಕಾರ್ಡ್ ಹಾಕಿದ್ರೆ ನನ್ನ ಡಿಸ್ಕ್‌ಗಳು ತೆರೆಯೋದೇ ಇಲ್ಲ, ದೀದಿ. ತೀರಿಹೋದ ಹೆಂಡತಿ ಹಾಡಿದ್ದೆಲ್ಲ ಅದರಲ್ಲೇ ಇದೆ,” ಎಂದರು ಹಿಂದಿಯಲ್ಲಿ.

ಕಾರ್ಡನ್ನು ಅವರಿಗೇ ಬಿಟ್ಟುಕೊಟ್ಟೆ. ಅವರು ನನ್ನ ಫೋನ್ ನಂಬರ್ ಬರೆದುಕೊಂಡರು. ವಾರದ ನಂತರ ಕರೆ ಬಂತು. “ಕೇಳಿ ದೀದಿ,” ಎಂದಷ್ಟೇ ಹೇಳಿದರು. ಹೆಂಗಸೊಬ್ಬರ ಹಾಡು ಕೇಳಿಸಿತು. ಅದು ಮುಗಿಯುವವರೆಗೆ ಫೋನನ್ನು ಕಿವಿಗೊತ್ತಿಕೊಂಡು ಕೇಳಿದೆ.

ನಾನು ಆಮೇಲೆ, ಕೆಟ್ಟರೂ ಬೇರೆ ಕಾರ್ಡಿನಲ್ಲಿ ಡಿಸ್ಕ್‌ಗಳು ತೆರೆಯುವಂಥ ಸಾದಾ ಕಾರ್ಡೊಂದನ್ನು ಕೊಂಡೆ. ನನ್ನ ಡಿಸ್ಕ್‌ಗಳಲ್ಲಿರುವ ಅಮ್ಮನ ವಿಡಿಯೊಗಳ ಇನ್ನೊಂದು ಪ್ರತಿ ಈಗ ಮೈಸೂರಿನಲ್ಲಿ, ತಂಗಿಯ ಮನೆಯಲ್ಲಿದೆ.